ಶೇಕಡಾ ಲೆಕ್ಕಕ್ಕೆ ಯಾವ ದಾರಿ: ನೂರು, ಭಿನ್ನರಾಶಿ, ಗುಣಕ, ಎಕ್ಸ್, ಆಪ್ಷನ್?

ಧಾರವಾಡದ ಸಪ್ತಾಪುರದಲ್ಲಿ ರೈಲ್ವೆ, ಬ್ಯಾಂಕ್, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರ ರಫ್ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಶೇಕಡಾ ಲೆಕ್ಕವನ್ನು ನಾಲ್ಕೈದು ಬಗೆಯಲ್ಲಿ ಬಿಡಿಸಿದ್ದು ಕಾಣುತ್ತದೆ. ಎಲ್ಲ ಬಗೆಯೂ ಸರಿಯೇ, ಉತ್ತರವೂ ಒಂದೇ. ಬೇರೆಯಾಗುವುದು ಹಿಡಿದ ಹೊತ್ತು ಮತ್ತು ತಪ್ಪುವ ಸಾಧ್ಯತೆ. ರೈಲ್ವೆಯ ತಾಂತ್ರಿಕೇತರ ಹುದ್ದೆಗಳ ಪರೀಕ್ಷೆಯಾದ ಎನ್‌ಟಿಪಿಸಿಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 54 ಸೆಕೆಂಡು. ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನ ಗಣಿತ ಭಾಗದಲ್ಲಿ 20 ನಿಮಿಷಕ್ಕೆ 35 ಪ್ರಶ್ನೆ, ಒಂದಕ್ಕೆ 34 ಸೆಕೆಂಡಿನ ಆಸುಪಾಸು. ಇಷ್ಟು ಹೊತ್ತಿನಲ್ಲಿ ಒಂದೇ ದಾರಿ ಕಲಿತವರು ಎಲ್ಲ ಲೆಕ್ಕಕ್ಕೂ ಅದನ್ನೇ ಎಳೆದಾಡುತ್ತಾರೆ. ಹತ್ತು ಶಾರ್ಟ್‌ಕಟ್ ಬಾಯಿಪಾಠ ಮಾಡಿದವರು ಯಾವುದನ್ನು ಹಾಕಬೇಕೆಂದು ಯೋಚಿಸುತ್ತಲೇ ಕೂರುತ್ತಾರೆ.

ಯಾವ ದಾರಿ ಹಿಡಿಯಬೇಕು ಎಂಬುದನ್ನು ಪ್ರಶ್ನೆಯೇ ಹೇಳುತ್ತದೆ. ಆದರೆ ಅದು ಹೇಳುವುದು ಶೇಕಡಾ ಯಾವುದರ ಮೇಲೆ ಎಂದು ಗುರುತಿಸಿದ ಮೇಲೆ ಮಾತ್ರ. ಆ ‘ಯಾವುದರ ಮೇಲೆ’ ಎಂಬ ಸಂಖ್ಯೆಯನ್ನು ಇಲ್ಲಿ ಬುಡ ಎಂದು ಕರೆಯೋಣ. ಶೇಕಡಾ ಲೆಕ್ಕದಲ್ಲಿ ಹೋಗುವ ಅಂಕಗಳು ಗುಣಾಕಾರ ತಪ್ಪಿ ಹೋಗುವುದಕ್ಕಿಂತ ಬುಡ ತಪ್ಪಿ ಹೋಗುವುದೇ ಹೆಚ್ಚು. ಹೀಗಾಗಿ ದಾರಿಗಳನ್ನು ಹೋಲಿಸುವ ಮೊದಲು ಬುಡದ ಮಾತು.

ಬುಡವನ್ನು ಕನ್ನಡದ ಪ್ರತ್ಯಯವೇ ತೋರಿಸುತ್ತದೆ

‘ಗಿಂತ’ ಯಾವ ಪದಕ್ಕೆ ಅಂಟಿದೆಯೋ ಅದೇ ಬುಡ. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾಗುವ ತನಕ ಮೊದಲ ಸ್ಥಾನದಲ್ಲಿದ್ದ ಗೋರಖ್‌ಪುರದ್ದು ಸುಮಾರು 1,366 ಮೀಟರ್. ವ್ಯತ್ಯಾಸ 141 ಮೀಟರ್. ‘ಹುಬ್ಬಳ್ಳಿಯದು ಗೋರಖ್‌ಪುರದ್ದಕ್ಕಿಂತ ಶೇ ಎಷ್ಟು ಉದ್ದ?’ ಎಂದರೆ 141ನ್ನು 1,366ರಿಂದ ಭಾಗಿಸಬೇಕು, ಶೇ 10.3 ಬರುತ್ತದೆ. ‘ಗೋರಖ್‌ಪುರದ್ದು ಹುಬ್ಬಳ್ಳಿಯದಕ್ಕಿಂತ ಶೇ ಎಷ್ಟು ಗಿಡ್ಡ?’ ಎಂದರೆ ಅದೇ 141ನ್ನು 1,507ರಿಂದ ಭಾಗಿಸಬೇಕು, ಶೇ 9.4ರಷ್ಟು ಬರುತ್ತದೆ. ಮೀಟರ್ ಬದಲಾಗಲಿಲ್ಲ, ಬುಡ ಬದಲಾಯಿತು. ಪ್ರಶ್ನೆ ತೆಗೆಯುವವರು ಈ ಎರಡೂ ಉತ್ತರಗಳನ್ನು ಆಪ್ಷನ್‌ನಲ್ಲಿ ಇಟ್ಟೇ ಇಡುತ್ತಾರೆ.

‘ಸಂಬಳದ ಶೇ 20’, ‘ಹುಡುಗರ ಶೇ 40’ ಎಂದಾಗ ‘ದ’, ‘ರ’ ಹತ್ತಿದ ಪದ ಬುಡ. ‘ಉಳಿದುದರ ಶೇ 25’ ಎಂದು ಬಂದ ಕೂಡಲೇ ಹಳೆಯ ಬುಡ ಮುಗಿಯಿತು, ಹೊಸದು ಶುರುವಾಯಿತು. ಆ ಪದದ ಕೆಳಗೆ ಗೆರೆ ಎಳೆಯಿರಿ. ಕಂಪ್ಯೂಟರ್ ಪರೀಕ್ಷೆಯಾದರೆ ರಫ್ ಹಾಳೆಯಲ್ಲಿ ‘ಉ’ ಎಂದು ಬರೆದುಕೊಳ್ಳಿ.

ಇನ್ನೊಂದು ಕಡೆ ಕನ್ನಡದಲ್ಲೇ ಎಡವುವುದಿದೆ. 400 ರೂಪಾಯಿಯ ಬೆಲೆ ‘ಶೇ 20ರಷ್ಟು ಇಳಿಯಿತು’ ಎಂದರೆ 320 ಆಯಿತು. ‘ಶೇ 20ಕ್ಕೆ ಇಳಿಯಿತು’ ಎಂದರೆ 80 ಆಯಿತು. ‘ರಷ್ಟು’ ಮತ್ತು ‘ಕ್ಕೆ’ ನಡುವೆ 240 ರೂಪಾಯಿ ಅಂತರ. ಎರಡು ಭಾಷೆಯಲ್ಲಿ ಪ್ರಶ್ನೆ ಕೊಡುವ ಪರೀಕ್ಷೆಗಳಲ್ಲಿ ಅನುವಾದ ಅಲ್ಲಲ್ಲಿ ಸಡಿಲವಾಗಿರುತ್ತದೆ. ಅನುಮಾನ ಬಂದರೆ ಇಂಗ್ಲಿಷ್ ಪ್ರಶ್ನೆಯಲ್ಲಿ ‘ಬೈ’ ಇದೆಯೋ ‘ಟು’ ಇದೆಯೋ ನೋಡಿ, ಮೂರು ಸೆಕೆಂಡಿನ ಕೆಲಸ. ಹಾಗೆಯೇ ‘ಮೂರು ಪಟ್ಟಾಯಿತು’ ಎಂದರೆ ಹೆಚ್ಚಳ ಶೇ 200, ಶೇ 300 ಅಲ್ಲ. ಬಡ್ಡಿ ದರ ಶೇ 8ರಿಂದ ಶೇ 10ಕ್ಕೆ ಹೋದರೆ ಏರಿದ್ದು 2 ಪರ್ಸೆಂಟೇಜ್ ಪಾಯಿಂಟ್; ಶೇಕಡಾ ಹೆಚ್ಚಳ ಕೇಳಿದರೆ 25.

ಲಾಭ-ನಷ್ಟದಲ್ಲಿ ಪ್ರಶ್ನೆ ಬೇರೆ ಏನನ್ನೂ ಹೇಳದಿದ್ದರೆ ಲಾಭದ ಬುಡ ಅಸಲು ಬೆಲೆ, ಸೋಡಿಯ (ರಿಯಾಯಿತಿಯ) ಬುಡ ನಮೂದಿಸಿದ ಬೆಲೆ. ತೂಕದ ಮೋಸದ ಲೆಕ್ಕದಲ್ಲಿ ಬುಡ ಕೊಟ್ಟ ತೂಕ. ಅಸಲಿಗೇ ಮಾರುತ್ತೇನೆಂದು ಹೇಳಿ ಕಿಲೋಗೆ 800 ಗ್ರಾಂ ತೂಗಿದವನ ಲಾಭ 800ಕ್ಕೆ 200, ಶೇ 25. ಶೇ 20 ಅಲ್ಲ. ಏಕೆಂದರೆ ಅವನ ಕೈಯಿಂದ ಹೋದ ಮಾಲು 800 ಗ್ರಾಂ ಮಾತ್ರ.

ನೂರು ಹಿಡಿಯುವ ದಾರಿ

ಪ್ರಶ್ನೆಯಲ್ಲಿ ಒಂದೂ ನಿಜವಾದ ಸಂಖ್ಯೆ ಇಲ್ಲದೆ ಶೇಕಡಾಗಳೇ ಇದ್ದು, ಉತ್ತರವೂ ಶೇಕಡಾದಲ್ಲೇ ಬೇಕಿದ್ದರೆ ನೂರು ಹಿಡಿಯುವುದಕ್ಕೆ ಸಮನಾದ ದಾರಿ ಇಲ್ಲ. ‘ಒಬ್ಬ ಆದಾಯದ ಶೇ 80 ಖರ್ಚು ಮಾಡುತ್ತಾನೆ. ಆದಾಯ ಶೇ 15 ಏರಿ ಖರ್ಚು ಶೇ 10 ಏರಿದರೆ ಉಳಿತಾಯ ಶೇ ಎಷ್ಟು ಏರಿತು?’ ಆದಾಯ 100, ಖರ್ಚು 80, ಉಳಿತಾಯ 20. ಹೊಸ ಆದಾಯ 115, ಖರ್ಚು 88, ಉಳಿತಾಯ 27. ಏರಿದ್ದು 7, ಅದೂ 20ರ ಮೇಲೆ. ಉತ್ತರ ಶೇ 35. ಇಲ್ಲಿ 7 ಎಂದು ಗುರುತು ಹಾಕುವವರು ನೂರರ ಮೇಲೆಯೇ ನಿಂತುಬಿಟ್ಟವರು. 5 ಎಂದು ಹಾಕುವವರು 15ರಲ್ಲಿ 10 ಕಳೆದವರು. ಇದನ್ನೇ ಎಕ್ಸ್ ಇಟ್ಟು ಮಾಡಿದರೂ ಬರುತ್ತದೆ, ಎರಡು ಪಟ್ಟು ಹೊತ್ತು ಹೋಗುತ್ತದೆ.

ಆದರೆ ನೂರನ್ನು ಎಲ್ಲಿ ಇಡಬೇಕು? ಎಲ್ಲರಿಗಿಂತ ಕೊನೆಯ ಬುಡದ ಮೇಲೆ ಇಡಿ. ‘ಅ ಸಂಬಳ ಬ ಗಿಂತ ಶೇ 20 ಹೆಚ್ಚು, ಬ ಸಂಬಳ ಕ ಗಿಂತ ಶೇ 25 ಹೆಚ್ಚು’ ಎಂದಿದ್ದರೆ ಪ್ರಶ್ನೆಯಲ್ಲಿ ಅ ಮೊದಲು ಬಂತೆಂದು ಅದಕ್ಕೆ 100 ಕೊಟ್ಟರೆ ಬ 83.33 ಆಗಿ ಲೆಕ್ಕ ಕೆಡುತ್ತದೆ. ಕ 100 ಎಂದರೆ ಬ 125, ಅ 150. ಕ ಸಂಬಳ ಅ ಗಿಂತ ಶೇ ಎಷ್ಟು ಕಡಿಮೆ ಎಂದು ಕೇಳಿದರೂ 150ಕ್ಕೆ 50, ಶೇ 33⅓ ಎಂದು ಬಾಯಲ್ಲೇ ಬರುತ್ತದೆ.

ನೂರೇ ಆಗಬೇಕೆಂಬ ಹಟವೂ ಬೇಡ. ಶಾಲೆಯೊಂದರಲ್ಲಿ ಶೇ 33⅓ ಹುಡುಗಿಯರು, ಅವರಲ್ಲಿ ಶೇ 12½ ಮಂದಿ, ಹುಡುಗರಲ್ಲಿ ಶೇ 25 ಮಂದಿ ಬಸ್ಸಿನಲ್ಲಿ ಬರುತ್ತಾರೆ ಎಂದಿದ್ದರೆ ಒಟ್ಟು 24 ಮಕ್ಕಳು ಎಂದು ಹಿಡಿಯಿರಿ. ಹುಡುಗಿಯರು 8, ಅವರಲ್ಲಿ 1. ಹುಡುಗರು 16, ಅವರಲ್ಲಿ 4. ಬಸ್ಸಿನವರು 24ಕ್ಕೆ 5. ನೂರು ಹಿಡಿದಿದ್ದರೆ 33.33ರ ಎಂಟನೇ ಒಂದು ಭಾಗ ಹುಡುಕುತ್ತ ಕೂರಬೇಕಿತ್ತು.

ಒಂದೇ ಒಂದು ನಿಜ ಸಂಖ್ಯೆ ಇದ್ದು ಉಳಿದದ್ದೆಲ್ಲ ಶೇಕಡಾ ಆಗಿದ್ದರೂ ನೂರು ನಡೆಯುತ್ತದೆ, ಕೊನೆಯಲ್ಲಿ ಹಿಗ್ಗಿಸಿದರಾಯಿತು. ಚುನಾವಣೆಯ ಲೆಕ್ಕ ಈ ಜಾತಿಯದು. ಪಟ್ಟಿಯಲ್ಲಿದ್ದವರಲ್ಲಿ ಶೇ 80 ಮಂದಿ ಮತ ಹಾಕಿದರು, ಹಾಕಿದ ಮತಗಳಲ್ಲಿ ಶೇ 10 ಅಸಿಂಧು, ಇಬ್ಬರೇ ಅಭ್ಯರ್ಥಿಗಳಲ್ಲಿ ಗೆದ್ದವನಿಗೆ ಸಿಂಧು ಮತಗಳ ಶೇ 55, ಅಂತರ 1,440. ಪಟ್ಟಿ 100, ಹಾಕಿದ್ದು 80, ಸಿಂಧು 72. ಗೆದ್ದವನು ಶೇ 55, ಸೋತವನು ಶೇ 45, ಅಂತರ 72ರ ಶೇ 10, ಅಂದರೆ 7.2. ಈ 7.2 ನಿಜದಲ್ಲಿ 1,440. ಹಾಗಾದರೆ 100 ಎಂಬುದು 20,000. ಅಸಿಂಧು ಮತವನ್ನು ಪಟ್ಟಿಯ ಶೇ 10 ಎಂದು ತಪ್ಪಾಗಿ ಓದಿದ್ದರೆ ಸಿಂಧು 70, ಅಂತರ 7 ಆಗಿ ಮತದಾರರು 20,571 ಮತ್ತು ಚಿಲ್ಲರೆ ಬರುತ್ತಿತ್ತು. ಮನುಷ್ಯರ ಎಣಿಕೆಯಲ್ಲಿ ಚಿಲ್ಲರೆ ಬಂದರೆ ಬುಡ ತಪ್ಪಿದೆ ಎಂದೇ ಅರ್ಥ. ಹತ್ತಿರದ ಆಪ್ಷನ್‌ಗೆ ಗುರುತು ಹಾಕಬೇಡಿ, ಪ್ರಶ್ನೆಗೆ ಹಿಂತಿರುಗಿ.

ನೂರು ಕೈಕೊಡುವುದು ಶೇಕಡಾಗಳ ನಡುವೆ ರೂಪಾಯಿಯೋ ಅಂಕವೋ ಬೆರೆತಾಗ. ಅದಕ್ಕೆ ಎಕ್ಸ್ ಇದೆ, ಮುಂದೆ ಬರುತ್ತದೆ.

ಭಿನ್ನರಾಶಿ

ಬಾಯಿಪಾಠ ಬೇಕಾದ್ದು ಇಲ್ಲೊಂದೇ ಕಡೆ. 1/6 ಎಂದರೆ 16⅔, 1/7 ಎಂದರೆ 14 2/7, 1/8 ಎಂದರೆ 12½, 1/9 ಎಂದರೆ 11 1/9, 1/11 ಎಂದರೆ 9 1/11, 1/12 ಎಂದರೆ 8⅓. ಇವುಗಳ ಜೊತೆ 3/8 (37½), 5/8 (62½), 5/6 (83⅓). ಪ್ರಶ್ನೆಯಲ್ಲಿ 14 2/7 ಎಂಬಂಥ ವಿಚಿತ್ರ ಶೇಕಡಾ ಕಂಡರೆ ಅದು ಹೆದರಿಸಲು ಇಟ್ಟದ್ದಲ್ಲ, ಭಿನ್ನರಾಶಿ ಬಳಸಿರೆಂದು ಕೊಟ್ಟ ಸುಳಿವು. 3,430ರ ಶೇ 14 2/7 ಕೇಳಿದರೆ 7ರಿಂದ ಭಾಗಿಸಿ 490 ಬರೆಯುವುದಷ್ಟೇ.

ಭಿನ್ನರಾಶಿಯ ನಿಜವಾದ ಬಲ ಇರುವುದು ಏರಿದ್ದನ್ನು ಇಳಿಸುವ ಲೆಕ್ಕದಲ್ಲಿ. 1/4 ಏರಿದ್ದನ್ನು ಮೊದಲಿನ ಮಟ್ಟಕ್ಕೆ ತರಲು 1/5 ಇಳಿಸಬೇಕು. 1/5 ಇಳಿದದ್ದನ್ನು ಮೇಲೆ ತರಲು 1/4 ಏರಿಸಬೇಕು. ಏರಿದಾಗ ಛೇದಕ್ಕೆ ಒಂದು ಕೂಡಿಸಿ, ಇಳಿದಾಗ ಒಂದು ಕಳೆಯಿರಿ. ಯಾಕೆಂದರೆ 4 ಇದ್ದದ್ದು 5 ಆಗಿದೆ, ಈಗ 5ರಲ್ಲಿ 1 ತೆಗೆದರೆ ಮತ್ತೆ 4. ಎಣ್ಣೆಯ ಬೆಲೆ ಶೇ 25 ಏರಿದೆ, ತಿಂಗಳ ಖರ್ಚು ಏರಬಾರದು, ಬಳಕೆ ಶೇ ಎಷ್ಟು ತಗ್ಗಿಸಬೇಕು ಎಂದರೆ 1/5, ಶೇ 20. ಇದಕ್ಕೆ ಕ್ಲಾಸುಗಳಲ್ಲಿ ಕಲಿಸುವ ಸೂತ್ರವೊಂದಿದೆ: ದರವನ್ನು ನೂರರಿಂದ ಗುಣಿಸಿ, ನೂರು ಮತ್ತು ದರದ ಮೊತ್ತದಿಂದ ಭಾಗಿಸುವುದು. ತಪ್ಪೇನಿಲ್ಲ. ಆದರೆ ಕೂಡಿಸಬೇಕೋ ಕಳೆಯಬೇಕೋ ಎಂಬ ಗೊಂದಲ ಪರೀಕ್ಷೆಯ ಒತ್ತಡದಲ್ಲಿ ಬಂದೇ ಬರುತ್ತದೆ. 4 ಮತ್ತು 5 ಕಣ್ಣ ಮುಂದಿದ್ದರೆ ಬರುವುದಿಲ್ಲ.

ಇದರ ಅಣ್ಣನಂಥ ಲೆಕ್ಕ: ‘ಜೋಳದ ಬೆಲೆ ಶೇ 20 ಇಳಿದುದರಿಂದ 720 ರೂಪಾಯಿಗೆ 3 ಕೆಜಿ ಹೆಚ್ಚು ಬರುತ್ತದೆ. ಮೂಲ ಬೆಲೆ ಎಷ್ಟು?’ ಹಳೆಯಷ್ಟೇ ಜೋಳ ಕೊಂಡಿದ್ದರೆ 720ರ ಐದನೇ ಒಂದು ಭಾಗ, 144 ರೂಪಾಯಿ, ಕೈಯಲ್ಲಿ ಉಳಿಯುತ್ತಿತ್ತು. ಆ 144ಕ್ಕೇ 3 ಕೆಜಿ ಬಂದಿದೆ, ಕೆಜಿಗೆ 48. ಇದು ಹೊಸ ಬೆಲೆ. 48 ಎಂಬುದು ಹಳೆಯದರ 4/5, ಆದ್ದರಿಂದ ಹಳೆಯದು 60. ತಾಳೆ ನೋಡಿ: 60ರಂತೆ 12 ಕೆಜಿ, 48ರಂತೆ 15 ಕೆಜಿ. ಆಪ್ಷನ್‌ಗಳಲ್ಲಿ 48 ಇದ್ದೇ ಇರುತ್ತದೆ. ಕೇಳಿದ್ದು ಮೂಲ ಬೆಲೆಯೋ ಇಳಿದ ಬೆಲೆಯೋ ಎಂದು ಕೊನೆಯ ಸಾಲನ್ನು ಇನ್ನೊಮ್ಮೆ ಓದದವರು ಅಲ್ಲಿ ಬೀಳುತ್ತಾರೆ.

ಶೇ 17, ಶೇ 23 ಇಂಥವುಗಳಿಗೆ ಸುಲಭದ ಭಿನ್ನರಾಶಿ ಇಲ್ಲ. ಅಲ್ಲಿ ಹತ್ತು ಮತ್ತು ಒಂದಾಗಿ ಒಡೆಯಿರಿ: 640ರ ಶೇ 17 ಎಂದರೆ 64 ಮತ್ತು 7 ಸಲ 6.4, ಒಟ್ಟು 108.8. ಅದಲುಬದಲು ಮಾಡುವುದೂ ನೆನಪಿರಲಿ: 75ರ ಶೇ 36 ಕಷ್ಟ, 36ರ ಶೇ 75 ಎಂದರೆ 27. ಎರಡೂ ಒಂದೇ.

ಗುಣಕವೋ, ಕೂಡಿಸುವ ಸೂತ್ರವೋ?

ಒಂದರ ಮೇಲೊಂದು ಬದಲಾವಣೆ ಬಂದಾಗ ಎರಡು ದಾರಿ ಬಳಕೆಯಲ್ಲಿವೆ. ಒಂದು ಗುಣಕ: ಶೇ 20 ಏರಿದರೆ 1.2, ಶೇ 15 ಇಳಿದರೆ 0.85, ಹೀಗೆ ಗುಣಿಸುತ್ತ ಹೋಗುವುದು. ಇನ್ನೊಂದು ಎರಡು ಶೇಕಡಾಗಳನ್ನು ಕೂಡಿಸಿ, ಅವುಗಳ ಗುಣಲಬ್ಧದ ನೂರನೇ ಒಂದು ಭಾಗವನ್ನು ಸೇರಿಸುವ ಸೂತ್ರ. ಎರಡೇ ಬದಲಾವಣೆ ಇದ್ದು ಸಣ್ಣ ಸಂಖ್ಯೆಗಳಾದರೆ ಸೂತ್ರ ಬೇಗ. ಗದಗ-ಬೆಟಗೇರಿಯ ಸೀರೆ ಅಂಗಡಿಯಲ್ಲಿ ಶೇ 20 ಸೋಡಿ, ಅದರ ಮೇಲೆ ಶೇ 10 ಸೋಡಿ ಎಂದರೆ 20 ಮತ್ತು 10 ಕೂಡಿ 30, ಅದರಲ್ಲಿ 2 ಕಳೆದು ಶೇ 28. ಶೇ 30 ಅಲ್ಲ, ಏಕೆಂದರೆ ಎರಡನೇ ಸೋಡಿಯ ಬುಡ ಆಗಲೇ ಇಳಿದ ಬೆಲೆ. ಗುಣಕದಲ್ಲಿ 0.8 ಗುಣಿಲೆ 0.9, 0.72, ಅಷ್ಟೇ ಹೊತ್ತು.

ಆದರೂ ಒಂದನ್ನೇ ಕಲಿಯಲು ಹೊತ್ತಿದ್ದರೆ ಗುಣಕವನ್ನೇ ಕಲಿಯಿರಿ. ಸೂತ್ರದಲ್ಲಿ ಇಳಿಕೆಗೆ ಋಣ ಚಿಹ್ನೆ ಹಾಕಬೇಕು, ಎರಡು ಇಳಿಕೆಗಳ ಗುಣಲಬ್ಧ ಮತ್ತೆ ಧನವಾಗುತ್ತದೆ, ಅಲ್ಲೇ ತಪ್ಪು. ಮೂರನೇ ಬದಲಾವಣೆ ಬಂದರೆ ಸೂತ್ರವನ್ನು ಎರಡು ಸಲ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಸೂತ್ರ ಮುಂದಕ್ಕೆ ಮಾತ್ರ ಓಡುತ್ತದೆ. ಗುಣಕದಲ್ಲಿ ಭಾಗಿಸಿ ಹಿಂದಕ್ಕೂ ಬರಬಹುದು. ‘ಶೇ 20 ಸೋಡಿ ಕೊಟ್ಟ ಮೇಲೂ ಶೇ 20 ಲಾಭ ಬೇಕಾದರೆ ಅಸಲಿಗಿಂತ ಶೇ ಎಷ್ಟು ಹೆಚ್ಚು ನಮೂದಿಸಬೇಕು?’ 1.2ನ್ನು 0.8ರಿಂದ ಭಾಗಿಸಿ, 1.5, ಶೇ 50. ಇಲ್ಲಿ 40 ಎಂದು ಗುರುತು ಹಾಕುವವರು ಬೇರೆ ಬೇರೆ ಬುಡದ ಎರಡು ಇಪ್ಪತ್ತುಗಳನ್ನು ಕೂಡಿಸಿದ್ದಾರೆ. ಬೆಲೆ ಶೇ 10 ಏರಿಸಿ ಕಿಲೋಗೆ 880 ಗ್ರಾಂ ತೂಗುವ ವ್ಯಾಪಾರಿಯ ಲಾಭ? 1.1ನ್ನು 0.88ರಿಂದ ಭಾಗಿಸಿದರೆ 1.25, ಶೇ 25.

ಹಿಂದಕ್ಕೆ ಬರುವಾಗ ಆಗುವ ತಪ್ಪು ಜನಸಂಖ್ಯೆಯ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಪ್ರತಿ ವರ್ಷ ಶೇ 10ರಷ್ಟು ಬೆಳೆಯುವ ಊರಿನ ಜನಸಂಖ್ಯೆ ಈಗ 48,400. ಎರಡು ವರ್ಷದ ಹಿಂದೆ? 1.21ರಿಂದ ಭಾಗಿಸಿದರೆ 40,000. ಹಿಂದಕ್ಕೆ ಹೋಗುವುದೆಂದರೆ ಶೇ 10 ಕಳೆಯುವುದೆಂದು 0.9ರಿಂದ ಎರಡು ಸಲ ಗುಣಿಸಿದರೆ 39,204 ಬರುತ್ತದೆ. ಏರಿದ್ದನ್ನು ಬಿಚ್ಚಲು ಭಾಗಿಸಬೇಕು, ಇಳಿಸಬಾರದು.

ಬದಲಾಗದ ಭಾಗವನ್ನು ಹಿಡಿಯುವುದು

ಹಾವೇರಿ ಜಿಲ್ಲೆಯವರಿಗೆ ಈ ಲೆಕ್ಕ ಮನೆಯಂಗಳದ್ದು. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಹಸಿಯಾಗಿ ಗಿಡದಿಂದ ಬಿಡಿಸುವಾಗ ತೂಗುವಷ್ಟು ಒಣಗಿದ ಮೇಲೆ ತೂಗುವುದಿಲ್ಲ. ಹೋಗಿದ್ದು ನೀರು ಮಾತ್ರ, ಸಿಪ್ಪೆ-ಬೀಜ ಅಷ್ಟೇ ಇದೆ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಹಸಿ ಕಾಯಿಯಲ್ಲಿ ಶೇ 73 ನೀರು, ಒಣಗಿದ ಮೇಲೆ ಶೇ 10 ನೀರು. 100 ಕೆಜಿ ಹಸಿ ಕಾಯಿಯಿಂದ ಎಷ್ಟು ಒಣ ಕಾಯಿ?

ನೀರಿನ ಹಿಂದೆ ಹೋಗಬೇಡಿ. ನೀರಲ್ಲದ್ದು 27 ಕೆಜಿ. ಒಣಗಿದ ಮೇಲೂ ಅದು 27 ಕೆಜಿಯೇ, ಆದರೆ ಈಗ ಅದು ಒಟ್ಟು ತೂಕದ ಶೇ 90. 27ನ್ನು 0.9ರಿಂದ ಭಾಗಿಸಿ, 30 ಕೆಜಿ.

ಬಹಳ ಜನ ಬರೆಯುವ ತಪ್ಪು ಉತ್ತರ 37. ಶೇ 73 ಇದ್ದದ್ದು ಶೇ 10 ಆಯಿತು, 63 ಹೋಯಿತು, ನೂರರಲ್ಲಿ 63 ಕಳೆದರೆ 37 ಎಂಬ ವಾದ. ಪರೀಕ್ಷಿಸಿ ನೋಡಿ: 37 ಕೆಜಿಯಲ್ಲಿ 27 ನೀರಲ್ಲದ್ದು, 10 ಕೆಜಿ ನೀರು. 37ಕ್ಕೆ 10 ಎಂದರೆ ಶೇ 27 ನೀರು ಇನ್ನೂ ಇದೆ. ಆ ಕಾಯಿ ಒಣಗಿಲ್ಲ. 73 ಶೇಕಡಾ 100 ಕೆಜಿಯ ಮೇಲಿನದು, 10 ಶೇಕಡಾ ಹೊಸ ತೂಕದ ಮೇಲಿನದು. ಬುಡ ಬೇರೆಯಾದ ಎರಡು ಶೇಕಡಾಗಳನ್ನು ಒಂದರಲ್ಲೊಂದು ಕಳೆಯಲು ಬರುವುದಿಲ್ಲ. ಇದೇ ಕಾರಣಕ್ಕೆ ಶೇ 99 ನೀರಿರುವ ಕಲ್ಲಂಗಡಿಯಲ್ಲಿ ನೀರು ಶೇ 98ಕ್ಕೆ ಇಳಿದರೆ ತೂಕ ಅರ್ಧವೇ ಆಗುತ್ತದೆ: ನೀರಲ್ಲದ್ದು ಶೇ 1 ಇದ್ದದ್ದು ಶೇ 2 ಆಗಬೇಕಾದರೆ ಒಟ್ಟು ಅರ್ಧಕ್ಕೆ ಇಳಿಯಲೇಬೇಕು. ಲೆಕ್ಕ ಗೊತ್ತಿದ್ದವರಿಗೂ ಇದು ಮೊದಲ ಸಲ ನಂಬಿಕೆ ಬರುವುದಿಲ್ಲ, ಅದಕ್ಕೇ ಪರೀಕ್ಷೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಹಾಲಿಗೆ ನೀರು ಬೆರೆಸುವ ಲೆಕ್ಕವೂ ಇದೇ. 40 ಲೀಟರ್ ಮಿಶ್ರಣದಲ್ಲಿ ಶೇ 10 ನೀರು, ಅದನ್ನು ಶೇ 20 ಮಾಡಲು ಎಷ್ಟು ನೀರು ಹಾಕಬೇಕು? ಹಾಲು 36 ಲೀಟರ್, ಅದು ಬದಲಾಗುವುದಿಲ್ಲ. ಹೊಸದರಲ್ಲಿ ಅದು ಶೇ 80, ಒಟ್ಟು 45 ಲೀಟರ್, ಹಾಕಬೇಕಾದ್ದು 5. ನಲವತ್ತರ ಶೇ 10 ಎಂದು 4 ಬರೆದರೆ ತಪ್ಪು: 44ಕ್ಕೆ 8 ಎಂದರೆ ಶೇ 18ರ ಮೇಲೆ ಸ್ವಲ್ಪ ಅಷ್ಟೇ. ಪ್ರಶ್ನೆಯಲ್ಲಿ ಒಣಗಿತು, ಆವಿಯಾಯಿತು, ನೀರು ಬೆರೆಸಿದ, ಹೊಸಬರು ಸೇರಿದರು ಎಂಬ ಮಾತು ಕಂಡರೆ ನೂರು, ಗುಣಕ ಎಲ್ಲವನ್ನೂ ಬದಿಗಿಟ್ಟು ಮೊದಲು ‘ಯಾವುದು ಬದಲಾಗಲಿಲ್ಲ?’ ಎಂದು ಕೇಳಿಕೊಳ್ಳಿ.

ಎಕ್ಸ್ ಯಾವಾಗ?

ಎಕ್ಸ್ ನಿಧಾನ, ಆದರೆ ನಂಬಿಕಸ್ಥ. ಶೇಕಡಾ ಮತ್ತು ನಿಜ ಸಂಖ್ಯೆ ಒಂದೇ ವಾಕ್ಯದಲ್ಲಿ ಬೆರೆತಿದ್ದರೆ ಅದನ್ನೇ ಹಿಡಿಯಿರಿ. ‘ಶೇ 30 ಅಂಕ ಪಡೆದವನು 15 ಅಂಕಗಳಿಂದ ನಪಾಸು. ಶೇ 40 ಪಡೆದವನಿಗೆ ಪಾಸಿಗೆ ಬೇಕಾದುದಕ್ಕಿಂತ 35 ಅಂಕ ಹೆಚ್ಚು.’ ಪೂರ್ತಿ ಸಮೀಕರಣ ಬರೆಯದೆಯೂ ಅದರ ತಿರುಳನ್ನು ತೆಗೆಯಬಹುದು: ಶೇಕಡಾದ ಅಂತರ 10, ಅಂಕಗಳ ಅಂತರ 15 ಮತ್ತು 35 ಕೂಡಿ 50. ಶೇ 10 ಎಂದರೆ 50, ಗರಿಷ್ಠ ಅಂಕ 500, ಪಾಸ್ ಅಂಕ 165. ಒಬ್ಬ ಗೆರೆಯ ಕೆಳಗೆ, ಇನ್ನೊಬ್ಬ ಮೇಲೆ ಇದ್ದುದರಿಂದ ಕೂಡಿಸಿದೆವು. ಇಬ್ಬರೂ ನಪಾಸಾಗಿದ್ದರೆ ಕಳೆಯಬೇಕು. ರಫ್ ಹಾಳೆಯಲ್ಲಿ ಒಂದು ಅಡ್ಡಗೆರೆ ಎಳೆದು ಇಬ್ಬರನ್ನೂ ಗುರುತಿಸಿದರೆ ಈ ಗೊಂದಲ ಉಳಿಯುವುದಿಲ್ಲ.

ಎರಡು ಗುಂಪುಗಳ ಸರಾಸರಿ ಕೊಟ್ಟು ಅನುಪಾತ ಕೇಳಿದರೆ ಎಕ್ಸ್‌ಗಿಂತ ಮಿಶ್ರಣದ ಅಡ್ಡಗೆರೆ ಬೇಗ. ಹುಡುಗರಲ್ಲಿ ಶೇ 60, ಹುಡುಗಿಯರಲ್ಲಿ ಶೇ 75, ಒಟ್ಟಾರೆ ಶೇ 66 ಪಾಸು. ದೂರಗಳು 6 ಮತ್ತು 9. ಅನುಪಾತ ತಿರುವುಮುರುವು: ಹುಡುಗರು 9, ಹುಡುಗಿಯರು 6, ಅಂದರೆ 3ಕ್ಕೆ 2. ತಿರುವಿದ್ದು ಸರಿಯೇ ಎಂಬ ಅನುಮಾನ ಬಂದರೆ, 66 ಯಾರಿಗೆ ಹತ್ತಿರವೋ ಅವರೇ ಹೆಚ್ಚು ಜನ.

ಆಪ್ಷನ್‌ನಿಂದ ಹಿಂದಕ್ಕೆ

ಆಪ್ಷನ್ ಹಾಕಿ ನೋಡುವುದು ಸೋಮಾರಿಗಳ ದಾರಿ ಎಂಬ ಮಾತಿದೆ. ಅದು ಸರಿಯಲ್ಲ, ನಡುವೆ ನಿಶ್ಚಿತ ಮೊತ್ತ ಸೇರಿಕೊಂಡ ಸರಪಳಿ ಲೆಕ್ಕಗಳಲ್ಲಿ ಇದೇ ಸುರಕ್ಷಿತ. ‘ಸಂಬಳದ ಶೇ 20 ರೂಮಿನ ಬಾಡಿಗೆಗೆ, ಆಮೇಲೆ 1,000 ರೂಪಾಯಿ ಊರಿಗೆ, ಉಳಿದುದರ ಶೇ 25 ಊಟಕ್ಕೆ ಕೊಟ್ಟ ಮೇಲೆ 8,250 ಉಳಿಯಿತು.’ ಆಪ್ಷನ್‌ಗಳು 14,000, 15,000, 16,000, 18,000 ಇವೆ ಎನ್ನೋಣ. ನಡುವಿನದರಿಂದ ಶುರು ಮಾಡಿ. 16,000 ಹಾಕಿದರೆ 12,800, 11,800, 8,850, ಹೆಚ್ಚಾಯಿತು. ಹಾಗಾದರೆ 18,000 ತಾನಾಗಿಯೇ ಹೋಯಿತು. 15,000 ಹಾಕಿದರೆ 12,000, 11,000, 8,250. ಎರಡೇ ಪ್ರಯತ್ನಕ್ಕೆ ಉತ್ತರ. ತುದಿಯಿಂದ ಶುರು ಮಾಡಿದರೆ ನಾಲ್ಕನ್ನೂ ಹಾಕಿ ನೋಡುವ ಸಂಭವ ಇರುತ್ತದೆ.

ಇದನ್ನೇ ಕೊನೆಯಿಂದ ಬಿಚ್ಚುತ್ತಲೂ ಬರಬಹುದು: 8,250ನ್ನು 0.75ರಿಂದ ಭಾಗಿಸಿ 11,000, ಸಾವಿರ ಕೂಡಿಸಿ 12,000, 0.8ರಿಂದ ಭಾಗಿಸಿ 15,000. ಕೈ ಪಳಗಿದವರಿಗೆ ಇದು ಆಪ್ಷನ್‌ಗಿಂತ ವೇಗ. ಪಳಗದವರು 8,250ಕ್ಕೆ ಅದರದೇ ಶೇ 25 ಕೂಡಿಸಿ 10,312.50 ಮಾಡಿಕೊಂಡು ಅಲ್ಲೇ ಸಿಕ್ಕಿಬೀಳುತ್ತಾರೆ. ಸಾವಿರ ರೂಪಾಯಿಯ ಕೊಂಡಿ ಇಲ್ಲದೆ ಬರೀ ಶೇಕಡಾಗಳ ಸರಪಳಿಯಾಗಿದ್ದರೆ ಆಪ್ಷನ್ ಬೇಡ, ಗುಣಕವೇ ಸಾಕು: ಶೇ 20, ಉಳಿದುದರ ಶೇ 25, ಮತ್ತೆ ಉಳಿದುದರ ಶೇ 30 ಹೋಗಿ 8,400 ಉಳಿದರೆ 0.8, 0.75, 0.7 ಗುಣಿಸಿ 0.42, ಸಂಬಳ 20,000.

ದಾರಿ ಹೊಳೆಯದಿದ್ದಾಗ ಗುರುತು ಹಾಕಬೇಕೋ ಬಿಡಬೇಕೋ ಎಂಬುದೂ ಶೇಕಡಾ ಲೆಕ್ಕವೇ. ಎನ್‌ಟಿಪಿಸಿಯಲ್ಲಿ ತಪ್ಪಿಗೆ ಮೂರನೇ ಒಂದು ಅಂಕ ಕಡಿತ, ನಾಲ್ಕು ಆಪ್ಷನ್. ಕಣ್ಣುಮುಚ್ಚಿ ಹಾಕಿದರೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು: ಒಂದು ಅಂಕ ಬಂದು ಒಂದು ಅಂಕ ಹೋಗಿ ಸೊನ್ನೆ. ಬ್ಯಾಂಕ್ ಪರೀಕ್ಷೆಯ ಐದು ಆಪ್ಷನ್, ಕಾಲು ಅಂಕದ ಕಡಿತದಲ್ಲೂ ಸೊನ್ನೆಯೇ. ಆದರೆ ಬೆಲೆ ಏರಿದೆ ಎಂದ ಮೇಲೆ ಹೊಸ ಬೆಲೆ ಹಳೆಯದಕ್ಕಿಂತ ಕಡಿಮೆ ಇರುವ ಆಪ್ಷನ್ ಹೋಗುತ್ತದೆ, ಎಣಿಕೆಯಲ್ಲಿ ಚಿಲ್ಲರೆ ತರುವ ಆಪ್ಷನ್ ಹೋಗುತ್ತದೆ. ಎನ್‌ಟಿಪಿಸಿಯಲ್ಲಿ ಹೀಗೆ ಒಂದನ್ನು ಖಚಿತವಾಗಿ ಹೊಡೆದುಹಾಕಿದರೆ ಪ್ರತಿ ಪ್ರಶ್ನೆಗೆ ಸರಾಸರಿ 1/9 ಅಂಕ ನಿಮ್ಮ ಕಡೆ ವಾಲುತ್ತದೆ, ಎರಡನ್ನು ಹೊಡೆದುಹಾಕಿದರೆ 1/3.

ಅಭ್ಯಾಸ ಮಾಡುವಾಗ ತಪ್ಪಿದ ಪ್ರತಿ ಲೆಕ್ಕದ ಪಕ್ಕದಲ್ಲಿ ಮೂರರಲ್ಲಿ ಒಂದು ಅಕ್ಷರ ಬರೆಯಿರಿ: ಬುಡ ತಪ್ಪಿದ್ದರೆ ‘ಬು’, ಕೇಳಿದ್ದಕ್ಕೆ ಒಂದು ಹೆಜ್ಜೆ ಮೊದಲೇ ನಿಂತಿದ್ದರೆ ‘ನಿ’, ಗುಣಾಕಾರ-ಭಾಗಾಕಾರ ತಪ್ಪಿದ್ದರೆ ‘ಗು’. ಐವತ್ತು ಲೆಕ್ಕಗಳಾದ ಮೇಲೆ ಎಣಿಸಿ. ‘ಗು’ ಹೆಚ್ಚಿದ್ದರೆ ಭಿನ್ನರಾಶಿಯ ಪಟ್ಟಿಗೆ ದಿನಕ್ಕೆ ಹತ್ತು ನಿಮಿಷ ಕೊಡಿ. ‘ನಿ’ ಹೆಚ್ಚಿದ್ದರೆ ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದುವ ರೂಢಿ ಮಾಡಿಕೊಳ್ಳಿ. ‘ಬು’ ಹೆಚ್ಚಿದ್ದರೆ ಹೊಸ ಶಾರ್ಟ್‌ಕಟ್ ಕಲಿಯುವುದನ್ನು ಒಂದು ವಾರ ನಿಲ್ಲಿಸಿ, ದಿನಕ್ಕೆ ಇಪ್ಪತ್ತು ಪ್ರಶ್ನೆಗಳನ್ನು ಬಿಡಿಸದೆ ಬರೀ ಓದಿ, ಪ್ರತಿ ಶೇಕಡಾದ ಮೇಲೆ ಅದರ ಬುಡ ಯಾವುದೆಂದು ಪೆನ್ಸಿಲ್‌ನಲ್ಲಿ ಬರೆಯುತ್ತ ಹೋಗಿ.